ಕಸೂತಿಯ ಮನೆ, ದನಿಯ ಮನೆ

ಗುಂಡಿ ಒತ್ತಿದರೆ ಮೊದಲು ಬರುತ್ತಿದ್ದುದು ಕಪ್ಪು ಪರದೆ. ಅದರ ಮೇಲೆ ಬಿಳಿ ಅಕ್ಷರದ ಎರಡು ಸಾಲು. ಮೇಲಿನ ಸಾಲು ಹೆಂಡತಿಯದು, ಕೆಳಗಿನದು ಗಂಡನದು. ಹತ್ತು ಸೆಕೆಂಡಿನೊಳಗೆ ಯಾರೂ ಏನೂ ಒತ್ತದಿದ್ದರೆ ಲ್ಯಾಪ್‌ಟಾಪು ತಾನೇ ತೀರ್ಮಾನ ಮಾಡಿ ಮೇಲಿನ ಸಾಲಿಗೆ ಹೋಗುತ್ತಿತ್ತು.

"ನೋಡಿದ್ಯಾ? ಈ ಮನೇಲಿ ಯಾರ ಮಾತು ನಡೆಯುತ್ತೆ ಅಂತ ಇದಕ್ಕೂ ಗೊತ್ತಾಗಿಬಿಟ್ಟಿದೆ," ಎಂದು ಮೇಷ್ಟ್ರು ಮೊದಲ ದಿನವೇ ಹೇಳಿದ್ದರು. ಆಗ ಅವರ ಮಾತು ಇನ್ನೂ ಚೆನ್ನಾಗಿತ್ತು. ನಾಲಿಗೆ ಎಲ್ಲೋ ಒಂದೆರಡು ಕಡೆ ಎಡವುತ್ತಿತ್ತು, ಅಷ್ಟೆ.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಹದಿನಾಲ್ಕು ವರ್ಷ ಊರಿನ ಜನಕ್ಕೆ ಕಾರು ಕಲಿಸಿದವರು. ಅವರು ಕಲಿಸುವ ಕಾರು ಯಾವ ಬೀದಿಯಲ್ಲಿದೆ ಎಂದು ಪಕ್ಕದ ಬೀದಿಯವರಿಗೆ ಗೊತ್ತಾಗುತ್ತಿತ್ತು. "ಕನ್ನಡಿ ಇರೋದು ಮುಖ ನೋಡ್ಕೊಳ್ಳೋಕಲ್ಲಪ್ಪಾ! ಬ್ರೇಕಿನ ಮೇಲೆ ಏನು ಮನೆ ಕಟ್ಟಿಸ್ತಾ ಇದ್ದೀಯಾ? ಎತ್ತು ಕಾಲು!" ಬೈಸಿಕೊಂಡವರೇ ತಮ್ಮ ತಂಗಿಯರನ್ನೂ ಮಕ್ಕಳನ್ನೂ ಅವರ ಹತ್ತಿರವೇ ಕಳಿಸುತ್ತಿದ್ದರು. ಅವರ ಬೈಗುಳದಲ್ಲಿ ವಿಷವಿರಲಿಲ್ಲ. ಕೇಳಿದವರಿಗೆ ನಗು ಬರುತ್ತಿತ್ತು, ನಗುತ್ತಲೇ ಕ್ಲಚ್ಚಿನ ಮೇಲಿನ ಕಾಲು ಹದಕ್ಕೆ ಬರುತ್ತಿತ್ತು.

ಹೆಂಡತಿಯದು ಕಸೂತಿ. ಕೈ ಕಸೂತಿಯಲ್ಲ, ಯಂತ್ರದ್ದು. ಮನೆಯ ಮುಂದಿನ ಕೋಣೆಯಲ್ಲಿ ಆರು ಸೂಜಿಯ ಯಂತ್ರವಿಟ್ಟುಕೊಂಡು ಶಾಲೆಯ ಅಂಗಿಗಳಿಗೆ ಲಾಂಛನ, ಕಾರ್ಖಾನೆಯವರ ಜೇಬಿಗೆ ಹೆಸರು, ದಾದಿಯರ ಏಪ್ರನ್ನಿಗೆ ಆಸ್ಪತ್ರೆಯ ಗುರುತು ಹಾಕಿಕೊಡುತ್ತಿದ್ದಳು. ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ಬರೆದು, ಯಾವ ಗೆರೆಗೆ ಯಾವ ದಾರ, ಯಾವ ಮೂಲೆಯಿಂದ ಸೂಜಿ ಹೊರಡಬೇಕು ಎಂದು ಹೇಳಿ, ಪೆನ್‌ಡ್ರೈವಿನಲ್ಲಿ ಯಂತ್ರಕ್ಕೆ ಕೊಡಬೇಕು. ಆಮೇಲೆ ಯಂತ್ರ ಕಟಕಟ ಎಂದು ತನ್ನ ಪಾಡಿಗೆ ತಾನು ಹೊಲಿಯುತ್ತದೆ. ಮೂರು ವರ್ಷದ ಮಗಳು ಅದರ ಕೆಳಗೆ ಕೂತು ಉದುರಿದ ದಾರದ ತುಂಡುಗಳನ್ನು ಬಣ್ಣದ ಪ್ರಕಾರ ಆರಿಸುತ್ತಿದ್ದಳು. ಅವಳನ್ನು ಎಲ್ಲರೂ ಪುಟ್ಟಿ ಎನ್ನುತ್ತಿದ್ದರು.

ಮೊದಲು ಕೈಕೊಟ್ಟಿದ್ದು ಮೇಷ್ಟ್ರ ಎಡಗಾಲು. ಉಳುಕಿರಬೇಕು ಎಂದುಕೊಂಡು ಎಣ್ಣೆ ತಿಕ್ಕಿದ್ದಾಯಿತು, ಪಟ್ಟಿ ಕಟ್ಟಿದ್ದಾಯಿತು. ಆಮೇಲೆ ಅಂಗಿಯ ಗುಂಡಿ ಹಾಕಲು ಬೆರಳು ಬರಲಿಲ್ಲ. ನಾಲ್ಕು ಆಸ್ಪತ್ರೆ ಸುತ್ತಿದ ಮೇಲೆ ಒಬ್ಬ ಡಾಕ್ಟರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಹೇಳಿದರು: ಸ್ನಾಯುಗಳಿಗೆ ಅಪ್ಪಣೆ ಒಯ್ಯುವ ನರಗಳು ಒಂದೊಂದಾಗಿ ಸಾಯುತ್ತಿವೆ. ಕಾಲು, ಕೈ, ಆಮೇಲೆ ನಾಲಿಗೆ. ಬುದ್ಧಿ ಮಾತ್ರ ಕೊನೆಯವರೆಗೂ ಹಾಗೇ ಇರುತ್ತದೆ.

ಆ ಆಸ್ಪತ್ರೆಯಲ್ಲಿ ಮಾತಿನ ತೊಂದರೆಗಳನ್ನು ನೋಡುವ ಡಾಕ್ಟರಮ್ಮ ಒಬ್ಬರಿದ್ದರು. ಅವರು ಆರು ನೂರು ವಾಕ್ಯಗಳ ಒಂದು ಪಟ್ಟಿ ಕೊಟ್ಟರು. "ಇದನ್ನ ನಿಮ್ಮ ದನೀಲಿ ಹೇಳಿ ಕೂಡಿಡಿ. ಮುಂದೆ ನೀವು ಅಕ್ಷರ ಒತ್ತಿದರೆ ಸಾಕು, ಕಂಪ್ಯೂಟರು ನಿಮ್ಮ ದನೀಲೇ ಮಾತಾಡುತ್ತೆ. ಆದರೆ ಬೇಗ ಆಗ್ಬೇಕು. ದನಿ ಇನ್ನು ಐದಾರು ತಿಂಗಳು ಹೀಗೇ ಇರುತ್ತೆ ಅಂತ ನಾನು ಹೇಳಲಾರೆ."

ಮನೆಗೆ ಬರುವ ದಾರಿಯಲ್ಲಿ ಮೇಷ್ಟ್ರು ಬಸ್ಸಿನ ಕಿಟಕಿಯ ಆಚೆ ನೋಡುತ್ತ, "ಪುಟ್ಟಿ ಇನ್ನೂ ಸಣ್ಣವಳು. ನನ್ನ ದನಿ ಅವಳಿಗೆ ನೆನಪಿರಲ್ಲ, ಅಲ್ವಾ?" ಎಂದು ಕೇಳಿದರು. ಹೆಂಡತಿ ಅವರ ತೊಡೆಯ ಮೇಲಿದ್ದ ಆರು ನೂರು ವಾಕ್ಯದ ಹಾಳೆಗಳನ್ನು ತೆಗೆದು ತನ್ನ ಚೀಲದೊಳಗೆ ಭದ್ರವಾಗಿ ಇಟ್ಟುಕೊಂಡಳು.

ತೊಡಕಿದ್ದುದು ಇಷ್ಟೇ: ದನಿ ಹಿಡಿಯುವ ಆ ಪ್ರೋಗ್ರಾಮು ಇನ್ನೊಂದು ಬಗೆಯ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಮಾತ್ರ ನಡೆಯುತ್ತಿತ್ತು. ಕಸೂತಿಯ ಪ್ರೋಗ್ರಾಮಿಗೆ ಹಳೆಯದೇ ಬೇಕು. ಮನೆಯಲ್ಲಿ ಇದ್ದುದು ಒಂದೇ ಲ್ಯಾಪ್‌ಟಾಪು.

ಮೇಷ್ಟ್ರ ತಂಗಿ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಯಾವಾಗಲೂ ಕಿವಿಯ ಹಿಂದೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಅಣ್ಣ ಅವಳನ್ನು ಕರೆಯುತ್ತಿದ್ದುದು ಸ್ಕ್ರೂ ಎಂದೇ. ಒಂದು ಭಾನುವಾರ ಬಂದು ಲ್ಯಾಪ್‌ಟಾಪಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಊಟದ ಹೊತ್ತಿಗೆ ಕೆಲಸ ಮುಗಿಯಿತು.

"ಅತ್ತಿಗೆ, ಇಲ್ಲಿ ನೋಡಿ. ಒಂದೇ ಸೈಟಲ್ಲಿ ಎರಡು ಮನೆ ಕಟ್ಟಿದ್ದೀನಿ. ಇದು ನಿಮ್ಮ ಕಸೂತಿ ಮನೆ. ಇದು ಅಣ್ಣನ ದನಿ ಮನೆ. ಒಂದು ಸಲಕ್ಕೆ ಒಂದರಲ್ಲೇ ಇರೋಕೆ ಆಗೋದು."

"ಅಂದ್ರೆ ನಾವಿಬ್ರೂ ಒಟ್ಟಿಗಿರೋ ಹಾಗಿಲ್ಲ," ಎಂದರು ಮೇಷ್ಟ್ರು. "ಹತ್ತು ವರ್ಷದಿಂದ ಇದನ್ನೇ ಕೇಳ್ತಿದ್ದೆ ಕಣೇ ಸ್ಕ್ರೂ. ಈಗ ಮಾಡಿಕೊಟ್ಟೆ."

"ಸುಮ್ನಿರಣ್ಣ. ಅತ್ತಿಗೆ, ಎರಡು ಮನೆ ಮಧ್ಯೆ ಒಂದು ಪಡಸಾಲೆ ಇಟ್ಟಿದ್ದೀನಿ. ಅಣ್ಣ ಹೇಳಿದ ವಾಕ್ಯ ಎಲ್ಲ ಬಂದು ಬೀಳೋದು ಆ ಪಡಸಾಲೇಲಿ. ಅದು ಎರಡೂ ಕಡೆಯಿಂದ ಕಾಣುತ್ತೆ. ನಾನು ಪ್ರತಿ ಭಾನುವಾರ ಬಂದು ಪೆನ್‌ಡ್ರೈವಿಗೆ ಒಂದು ಪ್ರತಿ ತೆಗೆದುಕೊಂಡು ಹೋಗ್ತೀನಿ." ಆಮೇಲೆ ಬೆರಳೆತ್ತಿ ಹೇಳಿದಳು: "ಒಂದೇ ಒಂದು ಮಾತು. ಒಂದು ಮನೆಗೆ ಪೂರ್ತಿ ಬೀಗ ಹಾಕಿ ಆಮೇಲೆ ಇನ್ನೊಂದಕ್ಕೆ ಹೋಗಬೇಕು. ಬಂದ್ ಮಾಡೋದು ಅಂದ್ರೆ ಬಂದ್. ಮುಚ್ಚಳ ಮುಚ್ಚಿ ಎದ್ದು ಹೋಗೋದಲ್ಲ."

ಆಗಲಿ ಎಂದಳು ಅತ್ತಿಗೆ. ಗೋಡೆಯ ಕ್ಯಾಲೆಂಡರಿನ ಬದಿಯಲ್ಲಿ ಪೆನ್ಸಿಲಿನಿಂದ ಬರೆದೂ ಇಟ್ಟಳು.

ಮೊದಲ ವಾರದಲ್ಲೇ ಒಂದು ದಿನ ಕರೆಂಟು ಹೋಗಿ, ಬ್ಯಾಟರಿ ಸೋತಿದ್ದ ಲ್ಯಾಪ್‌ಟಾಪು ಪಕ್ಕನೆ ಆರಿತು. ಮಧ್ಯಾಹ್ನ ಮೇಷ್ಟ್ರು ತಮ್ಮ ಮನೆಗೆ ಹೋದರೆ ಪಡಸಾಲೆಯ ಬಾಗಿಲು ತೆರೆಯಲಿಲ್ಲ. ಆ ಕಡೆಯವರು ಸರಿಯಾಗಿ ಬೀಗ ಹಾಕಿಲ್ಲ, ತೆರೆಯಲಾರೆ ಎಂಬ ಒಂದು ಸಾಲು ಬಂದು ಕೂತಿತು. ಆ ದಿನದ ದನಿ ಹಾಳಾಯಿತು ಎಂದು ಮೇಷ್ಟ್ರಿಗೆ ರೇಗಿತು. ಸಂಜೆ ತಂಗಿಯನ್ನು ಕರೆಸಿ, "ಇದೇನೇ ಇದು, ನನ್ನ ಮನೆಗೆ ನಾನು ಹೋಗೋಕೆ ಇದರ ಅಪ್ಪಣೆ ಬೇಕಾ? ಕೇಳದೇ ತೆರೆಯೋ ಹಾಗೆ ಮಾಡು," ಎಂದರು. ಅವಳು ಸ್ವಲ್ಪ ಹಿಂದೆ ಮುಂದೆ ನೋಡಿದಳು. ಆಮೇಲೆ ಅಣ್ಣನ ಮುಖ ನೋಡಿ ಹಾಗೇ ಮಾಡಿಕೊಟ್ಟಳು. ಅಂದಿನಿಂದ ಅದು ಕೇಳಲಿಲ್ಲ.

ಬೆಳಿಗ್ಗೆ ಕಸೂತಿ, ಮಧ್ಯಾಹ್ನ ಎರಡರಿಂದ ನಾಲ್ಕು ದನಿ, ಹೀಗೆ ದಿನ ಹಂಚಿಕೆಯಾಯಿತು. ಎರಡು ಗಂಟೆಗೆ ಅವಳು ಯಂತ್ರ ನಿಲ್ಲಿಸುತ್ತಿದ್ದಳು. ಫ್ಯಾನು ನಿಲ್ಲಿಸುತ್ತಿದ್ದಳು. ಕಿಟಕಿಗೆ ರಜಾಯಿ ಕಟ್ಟುತ್ತಿದ್ದಳು. ಪುಟ್ಟಿಯನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿಸುತ್ತ, ಗೋಡೆಯ ಆಚೆಯಿಂದ ಬರುವ ಗಂಡನ ದನಿಯನ್ನು ಕೇಳುತ್ತಿದ್ದಳು.

"ಬೆಟ್ಟದ ಮೇಲೆ ಮೋಡ ಕವಿದಿದೆ. ನನ್ನ ಚಿಕ್ಕಪ್ಪನ ಅಂಗಡಿಯಲ್ಲಿ ಛತ್ರಿಗಳು ದೊರೆಯುತ್ತವೆ." ಆಮೇಲೆ ಸಣ್ಣ ದನಿಯಲ್ಲಿ, "ನನಗೆ ಚಿಕ್ಕಪ್ಪನೇ ಇಲ್ಲ, ಛತ್ರಿ ಎಲ್ಲಿಂದ ತರಲಿ."

ಮೊದಮೊದಲು ಅವರು ಪರೀಕ್ಷೆಗೆ ಕೂತ ಹುಡುಗನ ಹಾಗೆ ಓದುತ್ತಿದ್ದರು. ಬೆನ್ನು ನೆಟ್ಟಗೆ, ದನಿ ಗಂಭೀರ. ಒಂದೊಂದು ಪದಕ್ಕೂ ಇಸ್ತ್ರಿ ಹಾಕಿದ ಹಾಗೆ. ಇದು ಅವರ ದನಿಯೇ, ಆದರೆ ಅವರಲ್ಲ ಎಂದು ಅವಳಿಗೆ ಅನಿಸುತ್ತಿತ್ತು. ಹೇಳಿದರೆ ಇನ್ನಷ್ಟು ಬಿಗಿದುಕೊಂಡಾರು ಎಂದು ಸುಮ್ಮನಿದ್ದಳು.

ಇನ್ನೂರ ಇಪ್ಪತ್ತು ದಾಟಿದ ಮೇಲೆ ಒಂದು ಮಧ್ಯಾಹ್ನ ಪುಟ್ಟಿ ನಿದ್ದೆಯಿಂದೆದ್ದು ಸದ್ದಿಲ್ಲದೆ ಅವರ ಕೋಣೆಗೆ ಹೋಗಿದ್ದಳು. ಮೇಷ್ಟ್ರು "ಡಬ್ಬದ ಮುಚ್ಚಳ ತೆಗೆಯಲು ಬರುತ್ತಿಲ್ಲ" ಎಂಬ ವಾಕ್ಯ ಓದಿದರಂತೆ. "ತಗಿಯೋಕೆ ಬರಲ್ವಾ? ಅಮ್ಮನ್ನ ಕರೀಲಾ?" ಎಂದು ಮಗು ಕೇಳಿತು. ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅದೇ ವಾಕ್ಯವನ್ನು ಕಾರಿನಲ್ಲಿ ಕೂತು ಅರಚಿದ ಹಾಗೆ ಇನ್ನೊಮ್ಮೆ ಹೇಳಿದರು. ಅಲ್ಲಿಂದ ಮುಂದೆ ದನಿಗೆ ಜೀವ ಬಂತು. ಮೋಡ, ಛತ್ರಿ, ಮುಚ್ಚಳ ಎಲ್ಲವನ್ನೂ ಮಗಳಿಗೆ ಹೇಳಿದರು, ಬೈದರು, ರೇಗಿಸಿದರು, ಪ್ರಶ್ನೆ ಕೇಳಿದರು. ಹೆಂಡತಿ ಗೋಡೆಗೆ ತಲೆ ಆನಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದಳು. ಇದು ಉಳಿಯುತ್ತದಲ್ಲ, ಅಷ್ಟು ಸಾಕು ಎಂದುಕೊಳ್ಳುತ್ತಿದ್ದಳು.

ಅದೇ ಸಮಯಕ್ಕೆ ಒಂದು ಆಸ್ಪತ್ರೆಯ ಎಂಟು ನೂರು ಏಪ್ರನ್ನು ಬಂದವು. ಗುರುತಿನಲ್ಲಿ ಒಂಬತ್ತು ಬಣ್ಣ, ಅಳತೆಯಲ್ಲಿ ಮೂರು ಬಗೆ. ಕಸೂತಿಯ ಪ್ರೋಗ್ರಾಮು ತೆರೆದುಕೊಳ್ಳಲು ಹತ್ತು ನಿಮಿಷ ಹಿಡಿಯುತ್ತಿತ್ತು. ತೆರೆದ ಮೇಲೆ ಬಣ್ಣಗಳನ್ನೂ ಅಳತೆಗಳನ್ನೂ ಮತ್ತೆ ಜೋಡಿಸಬೇಕು. ಅದು ಮುಗಿಯುವಷ್ಟರಲ್ಲಿ ಮೇಷ್ಟ್ರಿಗೆ ಮುಖ ತೊಳೆಸಬೇಕು, ಪುಟ್ಟಿಗೆ ತಿನ್ನಿಸಬೇಕು, ಆಮೇಲೆ ಯಂತ್ರದ ಅಡಿದಾರದ ಬಾಬಿನ್ ಖಾಲಿ. ಬಂದ್ ಮಾಡುವ ಬದಲು ಲ್ಯಾಪ್‌ಟಾಪನ್ನು ಗಾಢ ನಿದ್ದೆಗೆ ಹಾಕಬಹುದು ಎಂದು ಅವಳಿಗೆ ಯಾವುದೋ ವೀಡಿಯೋ ನೋಡಿ ಗೊತ್ತಾಗಿತ್ತು. ಮುಚ್ಚಳ ಮುಚ್ಚಿದರೆ ತಾನೇ ನಿದ್ದೆ ಹೋಗುವ ಹಾಗೆ ಮಾಡಿಕೊಂಡಳು. ಮರುದಿನ ಬೆಳಿಗ್ಗೆ ಎಬ್ಬಿಸಿದರೆ ಎಲ್ಲ ಬಣ್ಣ, ಎಲ್ಲ ಅಳತೆ ಇದ್ದಲ್ಲೇ ಇತ್ತು. ಮಧ್ಯಾಹ್ನ ಮೇಷ್ಟ್ರ ಮನೆಯೂ ಸಲೀಸಾಗಿ ತೆರೆದುಕೊಂಡಿತು. ಪಡಸಾಲೆ ಏನೂ ಕೇಳಲಿಲ್ಲ.

ನಾದಿನಿಯ ಮಾತು ಅವಳಿಗೆ ಮರೆತಿರಲಿಲ್ಲ. ನಿದ್ದೆ ಅಂದರೂ ಬಂದ್ ಆದ ಹಾಗೇ ತಾನೆ, ದೀಪ ಆರಿರುತ್ತದಲ್ಲ ಎಂದುಕೊಂಡಳು. ಕೆಲಸದ ಅವಸರದಲ್ಲಿ ಮನಸ್ಸು ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡುಬಿಟ್ಟಿತು.

ಆ ಭಾನುವಾರ ನಾದಿನಿ ಬರಲಿಲ್ಲ. ಹೊಸದಾಗಿ ತೆರೆದ ಯಾವುದೋ ಕಾಲೇಜಿಗೆ ಕಂಪ್ಯೂಟರು ಜೋಡಿಸಲು ಅಂಗಡಿಯವರು ಅವಳನ್ನು ಬೇರೆ ಊರಿಗೆ ಕಳಿಸಿದ್ದರು. "ಪ್ರತಿ ತೆಗೆಯೋದು ನೀವೇ ಮಾಡ್ಕೊಳ್ತೀರಾ ಅತ್ತಿಗೆ? ಫೋನಲ್ಲಿ ಹೇಳಿಕೊಡ್ತೀನಿ."

"ಬೇಡಮ್ಮ. ನಾನು ಏನೋ ಒತ್ತೋಕೆ ಹೋಗಿ ಏನೋ ಅಳಿಸಿಬಿಟ್ರೆ? ನೀನೇ ಬಂದು ಮಾಡು."

ಒಂದು ವಾರ ಎಂದು ಹೋದವಳು ಬಂದುದು ಮೂರನೆಯ ಭಾನುವಾರ. ಅಷ್ಟರಲ್ಲಿ ಏಪ್ರನ್ನುಗಳು ಮುಗಿದಿದ್ದವು. ಮೇಷ್ಟ್ರು ಐನೂರ ಮೂವತ್ತು ವಾಕ್ಯ ಮುಗಿಸಿದ್ದರು. ಅವರ ಪ್ರೋಗ್ರಾಮು ದಿನಾ ಲೆಕ್ಕವನ್ನು ಸರಿಯಾಗಿಯೇ ತೋರಿಸುತ್ತಿತ್ತು. ಹೇಳಿದ್ದನ್ನು ಹಿಂದೆ ಹೋಗಿ ಕೇಳುವ ಅಭ್ಯಾಸ ಅವರಿಗೂ ಇರಲಿಲ್ಲ, ಅವಳಿಗೂ ಇರಲಿಲ್ಲ. ಆ ಮೂರು ವಾರದಲ್ಲಿ ನಾಲಿಗೆ ಬಹಳ ಸೋತಿತ್ತು. ಕೊನೆಯ ಕೆಲವು ದಿನ ಅವರು ಒಂದು ವಾಕ್ಯಕ್ಕೆ ನಾಲ್ಕು ಸಲ ಉಸಿರು ತೆಗೆದುಕೊಂಡಿದ್ದರು. ಆದರೂ ಮುಖದಲ್ಲಿ ಗೆಲುವಿತ್ತು. ಇನ್ನು ಎಪ್ಪತ್ತು ಎನ್ನುತ್ತಿದ್ದರು.

ಭಾನುವಾರ ಮೇಷ್ಟ್ರನ್ನು ಹೊರಗಿನ ಜಗಲಿಯಲ್ಲಿ ಕೂರಿಸಿ, ಪುಟ್ಟಿಯನ್ನು ಅವರ ಕಾಲಡಿಗೆ ಆಡಲು ಬಿಟ್ಟು, ಅತ್ತಿಗೆ ನಾದಿನಿ ಇಬ್ಬರೂ ಲ್ಯಾಪ್‌ಟಾಪಿನ ಮುಂದೆ ಕೂತರು. ನಾದಿನಿ ಪಡಸಾಲೆ ತೆರೆದಳು. ಬೆರಳಿನಿಂದ ಪರದೆಯ ಮೇಲೆ ಕೆಳಗೆ ಇಳಿಯುತ್ತ ಬಂದಳು. ಒಂದು ಕಡೆ ಬೆರಳು ನಿಂತಿತು.

"ಅತ್ತಿಗೆ, ಉಳಿದಿದ್ದು ಎಲ್ಲಿದೆ?"

"ಯಾವ ಉಳಿದಿದ್ದು?"

"ಇನ್ನೂರ ಇಪ್ಪತ್ತಮೂರಕ್ಕೇ ನಿಂತಿದೆ. ಇದು ನಾನು ಹೋದ ಸಲ ತೆಗೆದುಕೊಂಡಿದ್ದಷ್ಟೇ."

ನಾದಿನಿ ಹುಡುಕಿದಳು, ಇನ್ನೊಂದು ಮನೆಗೆ ಹೋಗಿ ಹುಡುಕಿದಳು, ಮತ್ತೆ ಇಲ್ಲಿಗೆ ಬಂದಳು. ಕೊನೆಗೆ ತಲೆ ಎತ್ತದೆ ಕೇಳಿದಳು: "ಅತ್ತಿಗೆ, ನೀವು ದಿನಾ ಹೇಗೆ ಬಂದ್ ಮಾಡ್ತಿದ್ರಿ?"

ಅತ್ತಿಗೆ ಮುಚ್ಚಳದ ಮೇಲೆ ಕೈ ಇಟ್ಟು ತೋರಿಸಿದಳು.

ನಾದಿನಿ ಮೆಲ್ಲಗೆ ಬಿಡಿಸಿ ಹೇಳಿದಳು. ನಿದ್ದೆ ಹೋಗುವ ಮನೆ ತಾನು ಮಲಗುವ ಮುಂಚೆ ಪಡಸಾಲೆ ಹೇಗಿತ್ತೋ ಅದನ್ನು ತಲೆಯಲ್ಲಿಟ್ಟುಕೊಂಡೇ ಮಲಗುತ್ತದೆ. ಮಧ್ಯಾಹ್ನ ಅಣ್ಣ ಬಂದು ಇಪ್ಪತ್ತು ವಾಕ್ಯ ಅಲ್ಲಿ ಇಟ್ಟುಹೋಗುತ್ತಾನೆ. ಬೆಳಿಗ್ಗೆ ಇದು ಏಳುತ್ತದೆ, ನಡುವೆ ಯಾರೋ ಬಂದುಹೋದದ್ದು ಇದಕ್ಕೆ ಗೊತ್ತಿಲ್ಲ. ತನಗೆ ನೆನಪಿರುವ ಹಾಗೆ ಪಡಸಾಲೆಯನ್ನು ಮತ್ತೆ ಜೋಡಿಸಿಬಿಡುತ್ತದೆ. ಹೊಸದಾಗಿ ಬಂದದ್ದೆಲ್ಲ ಗುಡಿಸಿಹೋಗುತ್ತದೆ. ದಿನಾ ಬೆಳಿಗ್ಗೆ ಹೀಗೇ ಆಗಿದೆ. ಮೂರು ವಾರ.

"ನಾನು ಅದರ ಬಾಯಿ ಮುಚ್ಚಿಸದೇ ಇದ್ದಿದ್ರೆ ಮೊದಲ ದಿನವೇ ತೆರೆಯಲ್ಲ ಅಂತ ಹೇಳಿರೋದು," ಎಂದು ನಾದಿನಿ ಕೆನ್ನೆ ಒರೆಸಿಕೊಂಡಳು. "ನೀವು ಯಾವತ್ತೂ ನೋಡಲಿಲ್ವಾ ಅತ್ತಿಗೆ, ಅಲ್ಲಿ ಸಂಖ್ಯೆ ಮುಂದೆ ಹೋಗ್ತಿಲ್ಲ ಅಂತ?"

ನೋಡಿರಲಿಲ್ಲ. ಗಂಡನ ದನಿ ಇರುವ ಜಾಗಕ್ಕೆ ಕೈ ಹಾಕಲು ಅವಳಿಗೆ ಭಯವಿತ್ತು. ಅಷ್ಟು ಜೋಪಾನ ಮಾಡಿದ್ದಳು.

ನಾದಿನಿ ಲ್ಯಾಪ್‌ಟಾಪನ್ನು ಅಂಗಡಿಗೆ ಒಯ್ದು ನಾಲ್ಕು ದಿನ ಅದರ ಜೊತೆ ಗುದ್ದಾಡಿದಳು. ಬ್ಯಾಟರಿ ಬದಲಿಸಬೇಕಿತ್ತು ಎಂದು ಮೇಷ್ಟ್ರಿಗೆ ಹೇಳಿದ್ದಾಗಿತ್ತು. ಆ ನಾಲ್ಕು ದಿನ ಹೆಂಡತಿ ಕಾಲು ಸುಟ್ಟ ಬೆಕ್ಕಿನ ಹಾಗೆ ಒಳಗೂ ಹೊರಗೂ ಓಡಾಡಿದಳು. ಗಂಡನಿಗೆ ಉಣಿಸುವಾಗ ಕಣ್ಣು ತಪ್ಪಿಸಿದಳು. ಮೇಷ್ಟ್ರು ದಿನಾ ಮಧ್ಯಾಹ್ನ ಎರಡು ಗಂಟೆಗೆ ಗಡಿಯಾರ ನೋಡುತ್ತಿದ್ದರು. ಐದನೆಯ ದಿನ ನಾದಿನಿ ಬಂದಳು. ಸಿಕ್ಕಿದ್ದು ಹನ್ನೊಂದು ವಾಕ್ಯ. ಅವೂ ತುಂಡಾಗಿದ್ದವು, ಅರ್ಧದಲ್ಲಿ ದನಿ ಹೋಗಿ ಬರೀ ಗೊರಗೊರ ಸದ್ದು.

"ಡಿಸ್ಕೇ ಕೆಟ್ಟುಹೋಯ್ತು ಅನ್ನೋಣ ಅತ್ತಿಗೆ," ಎಂದಳು ಅಡುಗೆಮನೆಯಲ್ಲಿ ನಿಂತು. "ಕೆಡಲ್ವಾ? ದಿನಾ ನಾಲ್ಕು ಬರ್ತವೆ ನಮ್ಮ ಅಂಗಡಿಗೆ. ಅಣ್ಣ ನಂಬ್ತಾನೆ. ನಿಮ್ಮಿಬ್ಬರ ಮಧ್ಯೆ ಇದು ಬೇಡ. ಇನ್ನೆಷ್ಟು ದಿನ..." ಎಂದು ಮಾತು ನುಂಗಿದಳು.

ಅತ್ತಿಗೆ ಬಹಳ ಹೊತ್ತು ಪಾತ್ರೆ ಉಜ್ಜುತ್ತಲೇ ಇದ್ದಳು. ಆ ಮಾತು ಅವಳಿಗೂ ಹಿತವಾಗಿತ್ತು. ಹಾಗೆಂದರೆ ಯಾರ ತಪ್ಪೂ ಅಲ್ಲ. ಆದರೆ ಮುಂದೆ ಒಂದು ದಿನ ಗಂಡನಿಗೆ ಮಾತು ಪೂರ್ತಿ ನಿಲ್ಲುತ್ತದೆ. ಏನು ಹೇಳಿದರೂ ಎದುರಾಡಲಾರದ ಮನುಷ್ಯನ ಜೊತೆ ತಾನು ಒಂದು ಸುಳ್ಳು ಇಟ್ಟುಕೊಂಡು ಬಾಳಬೇಕಾಗುತ್ತದೆ. ಅದನ್ನು ನೆನೆದೇ ಅವಳ ಕೈ ನಿಂತಿತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೋಣೆಗೆ ಹೋದಳು.

"ರೀ, ಒಂದು ಮಾತು ಹೇಳಬೇಕು. ನಡುವೆ ತಡೀಬೇಡಿ," ಎಂದು ಶುರು ಮಾಡಿ ನಿದ್ದೆಯ ವಿಷಯ, ಮುಚ್ಚಳದ ವಿಷಯ, ಏಪ್ರನ್ನಿನ ವಿಷಯ ಒಂದೂ ಬಿಡದೆ ಹೇಳಿದಳು. ಅಳಲಿಲ್ಲ. ಅತ್ತರೆ ಅವರು ತನ್ನನ್ನೇ ಸಮಾಧಾನ ಮಾಡಬೇಕಾಗುತ್ತದೆ ಎಂದು ಬಿಗಿಹಿಡಿದಿದ್ದಳು.

ಮೇಷ್ಟ್ರು ಚಾವಣಿ ನೋಡುತ್ತಿದ್ದರು. "ಎಷ್ಟು... ಉಳೀತು?"

"ಇನ್ನೂರ ಇಪ್ಪತ್ತಮೂರು."

"ಪುಟ್ಟಿ ಬಂದ ದಿನದ್ದು?"

"ಅದರಿಂದ ಮುಂದಿನದ್ದೇ ರೀ, ಹೋಗಿದ್ದು."

ಅವರು ಪಟ್ಟಿಯನ್ನು ಹಿಡಿಯಲು ಹೇಳಿದರು. ಇನ್ನೂರ ಇಪ್ಪತ್ತನಾಲ್ಕನೆಯ ವಾಕ್ಯ ಓದಲು ನೋಡಿದರು. ನಾಲಿಗೆ ಮೇಲೇಳಲಿಲ್ಲ. ಡ, ಳ ಎಲ್ಲ ಒಂದೇ ಮುದ್ದೆಯಾಗಿ ಬಂತು. ಇನ್ನೊಮ್ಮೆ ನೋಡಿದರು. ಆಮೇಲೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು.

ಎರಡು ದಿನ ಅವಳ ಜೊತೆ ಮಾತಾಡಲಿಲ್ಲ. ಉಣಿಸಿದರೆ ಉಂಡರು, ಹೊರಳಿಸಿದರೆ ಹೊರಳಿದರು. ಅವಳೂ ಮೇಲೆ ಬಿದ್ದು ಮಾತಾಡಿಸಲಿಲ್ಲ. ಬೈಯಲು ಬೇಕಾದ ಉಸಿರು ಅವರಲ್ಲಿಲ್ಲ, ಇಷ್ಟಾದರೂ ಸಿಟ್ಟು ಅವರ ಪಾಲಿಗಿರಲಿ ಎಂದುಕೊಂಡಳು. ಮೂರನೆಯ ಬೆಳಿಗ್ಗೆ ಗಡ್ಡ ಹೆರೆಯುತ್ತಿದ್ದಾಗ, ಅರ್ಧ ಕೆನ್ನೆಗೆ ಸೋಪಿನ ನೊರೆ ಇದ್ದ ಹಾಗೇ, ಅವರು ನಿಧಾನವಾಗಿ ಹೇಳಿದರು:

"ಮುಚ್ಚಳ ಮುಚ್ಚಿದ್ದು... ನೀನು. ಕೇಳಬೇಡ ಅಂತ... ಬಾಗಿಲಿನ ಬಾಯಿ ಮುಚ್ಚಿಸಿದ್ದು... ನಾನು."

"ನೀವು ಬೇಕೂಂತ ಮಾಡಲಿಲ್ಲ."

"ನೀನು ಮಾಡಿದ್ಯಾ?" ಎಂದರು. ಆಮೇಲೆ, "ಕತ್ತಿ ನೋಡ್ಕೊಂಡು ಹಿಡಿ. ಕಿವಿ ಹೋದೀತು."

ಆಗ ಅವಳಿಗೆ ಅಳು ಬಂತು. ಕತ್ತಿ ಪಕ್ಕಕ್ಕಿಟ್ಟು, ಬೇಕಾದಷ್ಟು ಅತ್ತು, ಆಮೇಲೆ ಇನ್ನೊಂದು ಕೆನ್ನೆ ಮುಗಿಸಿದಳು.

ಆಸ್ಪತ್ರೆಯ ಡಾಕ್ಟರಮ್ಮ ಇದ್ದದ್ದನ್ನು ಇದ್ದ ಹಾಗೇ ಹೇಳಿದರು. "ಈಗಿನ ದನೀಲಿ ಮತ್ತೆ ಹೇಳಿಸಿದರೆ ಕಂಪ್ಯೂಟರೂ ಹೀಗೇ ತೊದಲೋದು ಕಲಿಯುತ್ತೆ. ಇರೋ ಇನ್ನೂರ ಇಪ್ಪತ್ತಮೂರರಲ್ಲೇ ಮಾಡೋಣ. ದನಿ ಇವರದೇ ಬರುತ್ತೆ. ಏರಿಳಿತ ಮಾತ್ರ ಕಮ್ಮಿ." ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಉಳಿದ ದನೀಲಿ ಮಾತ್ರ ಜಿಪುಣತನ ಮಾಡಬೇಡಿ. ಮಾತಾಡಿ," ಎಂದರು.

ಮೇಷ್ಟ್ರು ಆ ಮಾತನ್ನು ಅಕ್ಷರಶಃ ಪಾಲಿಸಿದರು. ಅಂದಿನಿಂದ ಮಧ್ಯಾಹ್ನ ಎರಡರಿಂದ ನಾಲ್ಕು ಪುಟ್ಟಿಗೆ. ಅವಳನ್ನು ಮೋಟು ಕುರ್ಚಿಯಲ್ಲಿ ಕೂರಿಸಿ, ಕೈಗೆ ಒಂದು ತಟ್ಟೆ ಕೊಟ್ಟು ಸ್ಟೀರಿಂಗ್ ಎನ್ನುತ್ತಿದ್ದರು. ಅರ್ಧ ಮಾತು ಉಸಿರಿನಲ್ಲೇ ಹೋಗುತ್ತಿತ್ತು. ಪುಟ್ಟಿಗೆ ಮಾತ್ರ ಎಲ್ಲ ತಿಳಿಯುತ್ತಿತ್ತು. ತಿಳಿಯದಿದ್ದಾಗ, "ಅಪ್ಪಾ, ಬಾಯಲ್ಲಿರೋದು ನುಂಗಿ ಮಾತಾಡು," ಎಂದು ಗದರುತ್ತಿದ್ದಳು. ಅವರು ನಕ್ಕು ಕೆಮ್ಮುತ್ತಿದ್ದರು.

ಒಂದು ದಿನ ಹೆಂಡತಿ ದಾರದ ರೀಲುಗಳ ಹಿಂದೆ ಫೋನು ಇಟ್ಟು ಅದನ್ನೆಲ್ಲ ಹಿಡಿಯಲು ನೋಡಿದಳು. ಒಂದು ನಿಮಿಷ ಕಳೆಯುವಷ್ಟರಲ್ಲಿ ತಾನು ಫೋನಿನ ಕಡೆಯೇ ನೋಡುತ್ತಿದ್ದೇನೆ, ಗಂಡ ಏನು ಹೇಳಿದರು ಎಂಬುದೇ ಕಿವಿಗೆ ಬಿದ್ದಿಲ್ಲ ಎಂದು ತಿಳಿಯಿತು. ಎದ್ದು ಹೋಗಿ ಆರಿಸಿಬಿಟ್ಟಳು. ಬಂದು ಅವರ ಪಕ್ಕ ಕೂತಳು.

ದನಿ ತಯಾರಾಗಿ ಬಂದ ದಿನ ನಾದಿನಿಯೂ ಬಂದಿದ್ದಳು. ಆ ಹೊತ್ತಿಗೆ ಮೇಷ್ಟ್ರಿಗೆ ಬಲಗೈಯ ಒಂದು ಬೆರಳು ಮಾತ್ರ ಆಡುತ್ತಿತ್ತು. ಪರದೆಯ ಮೇಲೆ ಅಕ್ಷರಗಳು ಸಾಲಾಗಿ ಬೆಳಗುತ್ತ ಹೋಗುತ್ತವೆ, ಬೇಕಾದದ್ದು ಬಂದಾಗ ಗುಂಡಿ ಒತ್ತಬೇಕು. ಹತ್ತು ನಿಮಿಷ ಎಲ್ಲರೂ ಕಾದರು. ಆಮೇಲೆ ಲ್ಯಾಪ್‌ಟಾಪು ಮಾತಾಡಿತು.

"ಯಂತ್ರಕ್ಕೆ ಎಣ್ಣೆ ಹಾಕಿ. ಕಿರುಗುಡುತ್ತಿದೆ."

ಅವರದೇ ದನಿ. ಬೆನ್ನು ನೆಟ್ಟಗೆ ಮಾಡಿ ಕೂತು ಓದಿದ ಆ ಮೊದಲ ದಿನಗಳ ದನಿ. ಇಸ್ತ್ರಿ ಹಾಕಿದ್ದು, ತಗ್ಗಿದ್ದು. ಹೆಂಡತಿಗೆ ಬಹುವಚನ ಬೇರೆ.

ಪುಟ್ಟಿ ಲ್ಯಾಪ್‌ಟಾಪನ್ನೂ ಅಪ್ಪನನ್ನೂ ನೋಡಿ, "ಅಪ್ಪ ಯಾಕಮ್ಮ ಆಫೀಸಿನವರ ಥರ ಮಾತಾಡ್ತಾರೆ?" ಎಂದಳು. ಮೇಷ್ಟ್ರ ಹೊಟ್ಟೆ ನಗುವಿಗೆ ಕುಲುಕಿತು. ನಾದಿನಿ ಸ್ಕ್ರೂಡ್ರೈವರ್ ಹುಡುಕುವ ನೆಪ ಮಾಡಿ ಹೊರಗೆ ಹೋದಳು. ಹೆಂಡತಿ ಎದ್ದು ಯಂತ್ರಕ್ಕೆ ಎಣ್ಣೆ ಹಾಕಿದಳು. ಎರಡು ಹನಿ ಸಾಕಾಗಿತ್ತು, ಅರ್ಧ ಸೀಸೆ ಹಾಕಿದಳು.

ಮುಂದೆ ನಾದಿನಿ ಅಂಗಡಿಯ ಒಂದು ಹಳೆಯ ಕಂಪ್ಯೂಟರನ್ನು ಸರಿಮಾಡಿ ಕಸೂತಿಗೆಂದು ತಂದುಕೊಟ್ಟಳು. ಲ್ಯಾಪ್‌ಟಾಪಿನಿಂದ ಮೇಲಿನ ಸಾಲನ್ನು ಅಳಿಸಿ ಇಡೀ ಜಾಗವನ್ನು ಅಣ್ಣನಿಗೇ ಬಿಟ್ಟಳು. ಮೇಷ್ಟ್ರ ಬಾಯಿಂದ ಕೊನೆಯ ಮಾತು ಯಾವತ್ತು ಬಂತು, ಯಾವುದು ಬಂತು ಎಂದು ಕೇಳಿದರೆ ಹೆಂಡತಿಗೆ ಹೇಳಲು ಬರುವುದಿಲ್ಲ. ಒಂದು ವಾರ ಇದ್ದ ಹಾಗಿತ್ತು, ಇನ್ನೊಂದು ವಾರ ಇರಲಿಲ್ಲ.

ಈಗ ಪುಟ್ಟಿಗೆ ಐದು ತುಂಬಿದೆ. ಶಾಲೆಗೆ ಹೋಗುತ್ತಾಳೆ. ಮನೆಯಲ್ಲಿ ಅಪ್ಪನದು ಮೆಲುದನಿ, ಅಮ್ಮನದು ಜೋರು. ಯಾವಾಗ ಹೀಗಾಯಿತು ಎಂದು ಅಮ್ಮನಿಗೇ ತಿಳಿಯದು. ಮೊದಲು ಇಷ್ಟು ಮಾತಿನವಳಲ್ಲ. ಮೊನ್ನೆ ಬೆಳಿಗ್ಗೆ ಶಾಲೆಗೆ ಹೊತ್ತಾಗಿತ್ತು. ಪುಟ್ಟಿ ಹೊಸಿಲ ಮೇಲೆ ಕೂತು ಬೂಟಿನ ದಾರ ಹಿಡಿದುಕೊಂಡು ಒದ್ದಾಡುತ್ತಿದ್ದಳು. ಅಮ್ಮ ಕಸೂತಿಯ ಚೌಕಟ್ಟಿಗೆ ಬಟ್ಟೆ ಬಿಗಿಯುತ್ತಲೇ ಅರಚಿದಳು:

"ಏನಮ್ಮಾ ಅದು, ದಾರ ಕಟ್ತಾ ಇದ್ದೀಯಾ, ಇಲ್ಲ ಅದರ ಜೊತೆ ಜಗಳ ಆಡ್ತಾ ಇದ್ದೀಯಾ?"

ಪುಟ್ಟಿ ಕಿಸಕ್ಕನೆ ನಕ್ಕಳು. ಒಳಗಿನ ಕೋಣೆಯಲ್ಲಿ ಮೇಷ್ಟ್ರ ಬೆರಳು ಆಡತೊಡಗಿದ್ದು ಬಾಗಿಲಿನಿಂದ ಕಾಣಿಸಿತು. ಅವಳು ಯಂತ್ರ ಶುರುಮಾಡದೆ ಕಾದಳು. ಸ್ವಲ್ಪ ಹೊತ್ತಾದ ಮೇಲೆ ಆ ಮರ್ಯಾದೆಯ ದನಿ ಹೇಳಿತು:

"ಅದು ನನ್ನ ಮಾತು."

"ಹೌದು ರೀ, ನಿಮ್ಮದೇ," ಎಂದಳು ಅವಳು, ಚೌಕಟ್ಟಿನಿಂದ ಕಣ್ಣೆತ್ತದೆ. "ಕಳೆದವಳು ನಾನು ತಾನೆ. ಅದಕ್ಕೇ ಆಡ್ತಾ ಇರ್ತೀನಿ."

ಬೆರಳು ಮತ್ತೆ ಹೊರಟಿತು. ಶಾಲೆಗೆ ಹೊತ್ತಾಗುತ್ತಿತ್ತು, ಆದರೂ ಇಬ್ಬರೂ ಕಾದರು. ಪುಟ್ಟಿ ಬೂಟು ಬಿಟ್ಟು ಹೋಗಿ ಅಪ್ಪನ ಮಂಚದ ಅಂಚಿಗೆ ಆತು ನಿಂತಳು.

"ಜಗಳ ಅಲ್ಲ. ಕುಸ್ತಿ ಅನ್ನಬೇಕು."

ಅವಳು ಗಂಡನ ಕಡೆ ನೋಡಿದಳು. ಅವರ ಕಣ್ಣು ಕಾರಿನೊಳಗೆ ಕೂತ ಮೇಷ್ಟ್ರ ಕಣ್ಣಿನ ಹಾಗೆ, ತಪ್ಪು ತಿದ್ದಿದ ಮೇಲೆ ಇನ್ನೊಮ್ಮೆ ಮಾಡಿ ತೋರಿಸು ಎನ್ನುತ್ತಿತ್ತು. ಅವಳು ಚೌಕಟ್ಟನ್ನು ಕೆಳಗಿಟ್ಟು, ಸೊಂಟಕ್ಕೆ ಕೈ ಕೊಟ್ಟು, ಪಕ್ಕದ ಮನೆಗೂ ಕೇಳುವ ಹಾಗೆ, ಮಗಳನ್ನು ಮತ್ತೊಮ್ಮೆ ಸರಿಯಾಗಿ ಬೈದಳು.